ಬೇಸ್ ಗಿಟಾರ್ ಕಲಿಯುವವರಿಗೆ ಒಂದು ಬೆರಳಿನ ಧೈರ್ಯ

ಇಲ್ಲಿ ಯಾರಿಗಾದರೂ ಬೇಸ್ ಗಿಟಾರ್, ಅಂದರೆ ಹಾಡಿನ ಕೆಳಸ್ವರ ನುಡಿಸುವ ಗಿಟಾರ್, ಕಲಿಯುವ ಆಸೆ ಇದ್ದರೆ ಇದು ಅವರಿಗೆ. ನನಗೆ ಹುಚ್ಚು ಹಿಡಿಸಿದ್ದು ಜೇಮ್ಸ್ ಜೇಮರ್ಸನ್. 1960ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದವರು. ಬಲಗೈಯ ತೋರುಬೆರಳು ಒಂದರಲ್ಲೇ ತಂತಿ ಮೀಟುತ್ತಿದ್ದರು! ಒಂದು ಬೆರಳು ನನಗೂ ಇದೆಯಲ್ಲ ಅಂತ ಧೈರ್ಯ ಬಂತು.

ಮೊದಲು ಕೇಳುವುದನ್ನು ಸರಿ ಮಾಡಿಕೊಳ್ಳಿ. ಬೇಸ್‌ನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಫೋನಿನ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯಲು ಆಗುವುದಿಲ್ಲ. ಹಾಗೇ ಕೇಳುತ್ತಾ ನಾನು ಎರಡು ತಿಂಗಳು ಸುಮ್ನೆ ಹಾಳು ಮಾಡಿದೆ. ಇಯರ್‌ಫೋನ್ ಹಾಕಿದ ದಿನ, ಅಯ್ಯೋ, ಇಷ್ಟೆಲ್ಲ ಇತ್ತಾ ಅನಿಸಿತು.

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಇರುವ ಲೋಹದ ಪಟ್ಟಿಗಳೇ ಫ್ರೆಟ್. ಎಡಗೈ ಬೆರಳನ್ನು ಆ ಪಟ್ಟಿಗೆ ತಾಗುವಷ್ಟು ಹತ್ತಿರ, ಅದರ ಹಿಂದೆಯೇ (ಗಿಟಾರಿನ ತಲೆಯ ಕಡೆಗೆ) ಒತ್ತಿ. ದೂರ ಒತ್ತಿದರೆ ಬಲವೂ ಜಾಸ್ತಿ ಬೇಕು, ತಂತಿಯೂ ಜರ್ ಅನ್ನುತ್ತದೆ. ಕೈ ಚಿಕ್ಕದಿದ್ದರೆ ಐದನೇ ಫ್ರೆಟ್‌ನಿಂದ ಶುರು ಮಾಡಿ, ಅಲ್ಲಿ ಅಂತರ ಕಡಿಮೆ.

ಜೇಮರ್ಸನ್ ತಂತಿ ಕಡಿಯುವವರೆಗೂ ಬದಲಿಸುತ್ತಿರಲಿಲ್ಲವಂತೆ. ಇದೊಂದರಲ್ಲಿ ಅವರನ್ನು ನಂಬಬೇಡಿ! ನಮ್ಮ ಕುಂಬಳೆಯ ಉಪ್ಪುಗಾಳಿ, ಮೇಲಿಂದ ಆಟಿಯ ಮಳೆ. ನನ್ನ ಹೊಸ ತಂತಿ ಒಂದೇ ಮಳೆಗಾಲಕ್ಕೆ ಕೆಂಪಾಗಿ, ಬೆರಳ ತುದಿಗೆಲ್ಲ ತುಕ್ಕಿನ ಬಣ್ಣ. ಈಗ ನುಡಿಸಿದ ಕೂಡಲೇ ಹಳೆ ಬನಿಯನ್ ತುಂಡಿನಿಂದ ಒರೆಸುತ್ತೇನೆ. ತುಂಡನ್ನು ತಂತಿಯ ಅಡಿಗೂ ತೂರಿಸಿ ಎಳೆಯಬೇಕು. ಅದನ್ನೇ ಎಲ್ಲರೂ ಮರೆಯುವುದು.

ಹಾಂ, ಉಪ್ಪಳ, ಮಂಜೇಶ್ವರ ಕಡೆ ಯಾರಾದರೂ ಹಳೆ ಆಂಪ್ಲಿಫೈಯರ್ ಮಾರುವುದಿದ್ದರೆ ತಿಳಿಸಿ.