ಹಿಟ್ಟು ತಿಗಣೆ ಬಿತ್ತೇ? ಮೊದಲು ಇರುವೆಯ ದಾರಿ ಕಟ್ಟಿ

ಮೂಡಿಗೆರೆ, ಸಕಲೇಶಪುರದ ಕಡೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಕೈಕೊಟ್ಟ ಬೇಸಿಗೆಯಲ್ಲಿ ರೊಬಸ್ಟಾ ಕಾಫಿ ಗಿಡಕ್ಕೆ ರಸ ಹೀರುವ ಹಿಟ್ಟು ತಿಗಣೆ (ಮೀಲಿಬಗ್) ಹತ್ತುತ್ತದೆ, ಮರಗಸಿ (ನೆರಳು ಮರದ ಕೊಂಬೆ ಕಡಿತ) ಜಾಸ್ತಿಯಾಗಿ ನೆರಳು ತೆಳುವಾದ ಕಡೆಯಂತೂ ಇನ್ನೂ ಬೇಗ. ಸ್ಪ್ರೇ ಕ್ಯಾನ್ ಹೊರುವ ಮುಂಚೆ ಗಿಡದ ಬುಡದಲ್ಲಿ ಐದು ನಿಮಿಷ ಕೂತು ಇರುವೆ ಸಾಲು ನೋಡಿ. ಹತ್ತುವ ಇರುವೆಯ ಹೊಟ್ಟೆ ಚಪ್ಪಟೆ. ಇಳಿಯುವುದರದ್ದು ಉಬ್ಬಿ ಬಿಸಿಲಿಗೆ ಮಿರುಗುತ್ತದೆ.

ಅದರೊಳಗಿರುವುದು ತಿಗಣೆ ವಿಸರ್ಜಿಸಿದ ಸಿಹಿ ಅಂಟು. ಕಾಫಿಯ ರಸದಲ್ಲಿ ಸಕ್ಕರೆ ಧಾರಾಳ, ಸಾರಜನಕ ಅಲ್ಪ. ಹಾಗಾಗಿ ತಿಗಣೆ ಹೊಟ್ಟೆಬಾಕನಂತೆ ಹೀರಿ, ಬೇಡದ ಸಕ್ಕರೆಯನ್ನು ಹೊರಹಾಕುತ್ತದೆ. ಅದನ್ನು ಕುಡಿಯುವ ಇರುವೆ, ತಿಗಣೆ ತಿನ್ನಲು ಬಂದ ಗುಲಗಂಜಿ ಹುಳುವನ್ನು (ಲೇಡಿಬರ್ಡ್) ಕಚ್ಚಿ ಓಡಿಸುತ್ತದೆ. ಮಿಕ್ಕ ಅಂಟು ಎಲೆಗೆ ಬಿದ್ದು ಕಪ್ಪು ಬೂಷ್ಟು ಹಿಡಿಯುತ್ತದೆ.

ಆದ್ದರಿಂದ ಮೊದಲ ಕೆಲಸ ಸೇತುವೆ ಕಡಿಯುವುದು. ನೆಲಕ್ಕೆ ತಾಗುವ ರೆಕ್ಕೆ (ಅಡ್ಡ ಕೊಂಬೆ), ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಚಿಗುರು), ಬುಡದ ಕಳೆ ತೆಗೆಯಿರಿ. ಕಾಂಡಕ್ಕೆ ನಾಲ್ಕು ಇಂಚು ಅಗಲದ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಸವರಿ. ನೇರವಾಗಿ ತೊಗಟೆಗೆ ಬಳಿದರೆ ತೊಗಟೆ ಹಾಳಾಗುತ್ತದೆ. ಧೂಳು, ತರಗೆಲೆ ಅಂಟಿದ ದಿನ ಇರುವೆಗೆ ಅದೇ ರಸ್ತೆ, ಆಗಾಗ ಒರೆಸಿ ಹೊಸದಾಗಿ ಸವರಬೇಕು. ಮೆಣಸಿನ ಬಳ್ಳಿಯ ಒಂದೇ ಒಂದು ಕುಡಿ ಕಾಫಿಗೆ ತಾಗಿದ್ದರೂ ಪಟ್ಟಿ ದಂಡ. ಇಡೀ ತೋಟಕ್ಕೆ ಸುತ್ತಿಸಲು ಆಳು ಸಿಗುವುದಿಲ್ಲ. ತಿಗಣೆ ಬಿದ್ದ ಗಿಡ ಮತ್ತು ಅದರ ಸುತ್ತಲಿನವು ಸಾಕು. ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ಚಿಗಳಿಯ ಗೂಡು ಕಂಡರೆ ಕೊಯ್ದು ಚಟ್ನಿಗೆ ಕಳಿಸಿ.

ಇರುವೆ ಓಡಾಟ ನಿಂತ ಮೇಲೆ ಕ್ರಿಪ್ಟೋಲೀಮಸ್ ಗುಲಗಂಜಿ ಹುಳುವನ್ನು ಸಂಜೆ ಹೊತ್ತು ಗಿಡಕ್ಕೆ ಹತ್ತರಂತೆ ಬಿಡಿ. 1898ರಲ್ಲಿ ಆಸ್ಟ್ರೇಲಿಯಾದಿಂದ ಇದನ್ನು ಭಾರತಕ್ಕೆ ತಂದದ್ದು ಕಾಫಿಯ ಇನ್ನೊಂದು ಕೀಟವಾದ ಹಸಿರು ತಿಗಣೆಗೆಂದು. ಆ ತಿಗಣೆಯ ಮೇಲೆ ಕೆಲಸಕ್ಕೆ ಬರಲಿಲ್ಲ. ಹಿಟ್ಟು ತಿಗಣೆಯ ಹತ್ತಿಯಂಥ ಮೊಟ್ಟೆಚೀಲದಲ್ಲೇ ಇದು ತನ್ನ ಮೊಟ್ಟೆ ಇಡುವುದು. ಚೀಲಗಳೇ ಇಲ್ಲದ ಗಿಡಕ್ಕೆ ಬಿಟ್ಟರೆ ಹುಳು ಹಾರಿಹೋಗುತ್ತದೆ, ದುಡ್ಡೂ ಅದರ ಜೊತೆಗೆ. ಬಿಟ್ಟಮೇಲೆ ಕೀಟನಾಶಕ ಮುಟ್ಟಬೇಡಿ.

ದೊಡ್ಡ ಎಡವಟ್ಟು ಆಗುವುದು ಆಮೇಲೆ. ಈ ಗುಲಗಂಜಿ ಹುಳುವಿನ ಮರಿಹುಳುವೂ ಬೆಳ್ಳಗೆ ಹಿಟ್ಟು ಹೊದ್ದಿರುತ್ತದೆ. ‘ತಿಗಣೆ ದಪ್ಪವಾಗಿದೆ’ ಎಂದು ಹಿಸುಕುವವರೇ ಜಾಸ್ತಿ. ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆ ಅಂಟಿಕೊಂಡೇ ಇರುತ್ತದೆ, ಇಲ್ಲವೇ ತೆವಳುತ್ತದೆ. ಮರಿಹುಳು ಬಹಳ ದೊಡ್ಡದು, ಮೈತುಂಬ ಮೇಣದ ಉದ್ದ ಎಳೆ, ಸರಸರ ಓಡುತ್ತದೆ. ಅಂಥದ್ದು ಸಿಕ್ಕಿದರೆ ಎಲೆ ಸಮೇತ ಕಿತ್ತು ತಿಗಣೆ ಹೆಚ್ಚಿರುವ ಪಕ್ಕದ ಗಿಡಕ್ಕೆ ಸಿಕ್ಕಿಸಿ.