ನೂರೇ ದಿನ ಸಿಗುವ ಕಡೆ ಟೊಮೆಟೊ ತಳಿ ಆರಿಸಿದ್ದು: ನನ್ನ ಅನುಭವ

"ಇಷ್ಟು ತಂಪಿನಲ್ಲಿ ಬಯಲಲ್ಲಿ ಟೊಮೆಟೊ ಕೆಂಪಾಗೋದಿಲ್ಲ. ಹಸಿರುಮನೆ ಕಟ್ಟಿಸು, ಇಲ್ಲಾಂದ್ರೆ ಬೇರೆ ಬೆಳೆ ನೋಡು." ಸುತ್ತಲಿನ ಬೆಳೆಗಾರರೆಲ್ಲ ನನಗೆ ಇದನ್ನೇ ಹೇಳುತ್ತಿದ್ದರು. ಕೊನೆಯ ಹಿಮ ಹೋಗಿ ಮುಂದಿನ ಹಿಮ ಬೀಳುವ ತನಕ ನಮಗೆ ಸಿಗುವುದು ಹೆಚ್ಚುಕಡಿಮೆ ನೂರು ದಿನ. ಅದರಲ್ಲೂ ರಾತ್ರಿ ಬೆಚ್ಚಗಿರುವುದು ಅರ್ಧದಷ್ಟು ದಿನ ಮಾತ್ರ. ಈಗ ಮೂರ್ನಾಲ್ಕು ಹಂಗಾಮಿನಿಂದ ಅದೇ ಬಯಲಲ್ಲಿ, ಹಸಿರುಮನೆ ಇಲ್ಲದೆ, ಕ್ರೇಟುಗಟ್ಟಲೆ ಕೆಂಪು ಹಣ್ಣು ಕೊಯ್ಯುತ್ತಿದ್ದೇನೆ. ಬೇಡ ಅಂದವರೇ ಈಗ ಬೀಜ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ಮೊದಲು ಬೀಜದ ಪೊಟ್ಟಣದ ಮೇಲೆ ಬರೆದಿರುವ, ಹಣ್ಣಾಗಲು ಬೇಕಾದ ದಿನದ ಲೆಕ್ಕ. ಅದು ನಾಟಿ ಮಾಡಿದ ದಿನದಿಂದ, ಟ್ರೇಯಲ್ಲಿ ಕಳೆಯುವ ಆರೆಂಟು ವಾರ ಬೇರೆ ಅನ್ನುವುದು ನಿಮಗೆಲ್ಲ ಗೊತ್ತು. ಆದರೆ ಆ ಸಂಖ್ಯೆ ಬೆಚ್ಚಗಿನ ಜಾಗದ ಲೆಕ್ಕ. ರಾತ್ರಿ 12-13 ಡಿಗ್ರಿಗಿಂತ ಕೆಳಗೆ ಹೋದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೂ ಬರುತ್ತದೆ, ಕಾಯಿ ಕಚ್ಚುವುದಿಲ್ಲ. 55 ದಿನ ಅಂತ ಬರೆದ ತಳಿ ನನ್ನಲ್ಲಿ 75 ದಿನ ತೆಗೆದುಕೊಂಡದ್ದಿದೆ. 65 ಅಂತ ಬರೆದದ್ದು ಆ 55ರ ತಳಿಗಿಂತ ಮೊದಲೇ ಕೆಂಪಾದದ್ದೂ ಇದೆ. ಅಂದಮೇಲೆ ಆ ಸಂಖ್ಯೆ ನೋಡಿ ಬೀಜ ಕೊಂಡು ಪ್ರಯೋಜನ ಏನು?

ದುಡ್ಡು ಹೋದದ್ದು ದೊಡ್ಡ ಹಣ್ಣಿನ ತಳಿಗಳಲ್ಲಿ. ಬ್ರಾಂಡಿವೈನ್ ಅನ್ನುವ ತಳಿಯ ರುಚಿಗೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಹಿಮ ಬೀಳುವ ಹೊತ್ತಿಗೆ ಗಿಡದ ತುಂಬ ಮುಷ್ಟಿಗಾತ್ರದ ಹಸಿರು ಕಾಯಿ, ಕೆಂಪಾದದ್ದು ಕೈಬೆರಳಲ್ಲಿ ಎಣಿಸುವಷ್ಟು. ಸಸಿ ಬೆಚ್ಚಗಿಡಲು ಕರೆಂಟು, ಕೋಲು, ದಾರ, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟ್, ಆಳಿನ ಕೂಲಿ ಎಲ್ಲ ಸೇರಿಸಿದರೆ ಹಾಕಿದ್ದರಲ್ಲಿ ಕಾಲು ಭಾಗವೂ ವಾಪಸ್ ಬರಲಿಲ್ಲ. ಮುಂದಿನ ವರ್ಷ ಒಬ್ಬ ವ್ಯಾಪಾರಿ "ಇದಕ್ಕಿಂತ ಬೇಗ ಬರೋದು ಯಾವುದೂ ಇಲ್ಲ" ಎಂದು ದುಬಾರಿ ಹೈಬ್ರಿಡ್ ಕೊಟ್ಟ. ಆ ಒಂದು ಪೊಟ್ಟಣದ ದುಡ್ಡಿಗೆ ಸಾದಾ ತಳಿಯ ನಾಲ್ಕೈದು ಪೊಟ್ಟಣ ಬರುತ್ತಿತ್ತು. ಮೊದಲ ಎರಡು ಗೊಂಚಲು ಪೂರ್ತಿ ಉದುರಿತು. ಮೂರನೆಯದು ಕಚ್ಚುವಷ್ಟರಲ್ಲಿ ಹಂಗಾಮು ಅರ್ಧ ಮುಗಿದಿತ್ತು.

ಆಮೇಲೆ ನಾನು ಎರಡೇ ವಿಷಯ ನೋಡಲು ಶುರುಮಾಡಿದೆ.

ಒಂದು, ಮೊದಲ ಹೂಗೊಂಚಲು ಎಷ್ಟನೇ ಎಲೆಯ ಮೇಲೆ ಬರುತ್ತದೆ ಅನ್ನುವುದು. ನಿಜವಾಗಿ ಬೇಗ ಬರುವ ತಳಿ ಆರೇಳು ಎಲೆಗೆ ಗೊಂಚಲು ಬಿಡುತ್ತದೆ. ತಡವಾಗಿ ಬರುವ ತಳಿ ಹತ್ತು, ಹನ್ನೊಂದು ಎಲೆ ದಾಟಿಸುತ್ತದೆ. ಸಸಿ ಕುಂಡದಲ್ಲಿ ಇರುವಾಗಲೇ ಇದನ್ನು ಎಣಿಸಬಹುದು. ಬೀಜದೆಲೆ, ಅಂದರೆ ಮೊಳೆತಾಗ ಬರುವ ಮೊದಲ ಜೋಡಿ ಎಲೆ, ಲೆಕ್ಕಕ್ಕಿಲ್ಲ, ಅದರ ಮೇಲಿನಿಂದ ಎಣಿಸಿ.

ಎರಡು, ತಂಪು ರಾತ್ರಿಯಲ್ಲಿ ಕಚ್ಚುತ್ತದೋ ಇಲ್ಲವೋ ಅನ್ನುವುದು. ಹೂವಿನ ತೊಟ್ಟಿನ ನಡುವೆ ಒಂದು ಗಂಟು ಇರುತ್ತದಲ್ಲ, ಬೆಳಿಗ್ಗೆ ಅದನ್ನೇ ನೋಡುತ್ತೇನೆ. ಗಂಟಿನ ಹತ್ತಿರ ಹಳದಿ ತಿರುಗಿದರೆ ಆ ಹೂ ಹೋಯಿತು, ಬೆರಳು ತಾಗಿದರೂ ಬೀಳುತ್ತದೆ. ತೊಟ್ಟು ಹಸಿರಾಗಿಯೇ ಉಳಿದು ದಪ್ಪ ಆದರೆ, ಎಸಳು ಒಣಗಿ ಮುದುಡಿ ಅಲ್ಲೇ ಅಂಟಿಕೊಂಡರೆ, ಕಚ್ಚಿದೆ ಎಂದೇ ಅರ್ಥ. ಎಸಳು ಸರಿಸಿದರೆ ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಮಣಿ ಕಾಣುತ್ತದೆ. ಪ್ರತಿ ತಳಿಯ ಮೊದಲ ಎರಡು ಗೊಂಚಲಲ್ಲಿ ಎಷ್ಟು ಹೂ, ಎಷ್ಟು ಮಣಿ ಎಂದು ಕೋಲಿನ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಅರ್ಧಕ್ಕಿಂತ ಕಡಿಮೆ ಕಚ್ಚಿದ ತಳಿಗೆ ಮುಂದಿನ ವರ್ಷ ಜಾಗ ಇಲ್ಲ.

ಈ ಜರಡಿಯಲ್ಲಿ ಉಳಿದದ್ದು ಕೆಲವೇ. ಸ್ಟೂಪಿಚೆ, ಜೆಕ್ ಕಡೆಯ ಹಳೇ ತಳಿ, ಆಲೂಗಡ್ಡೆಯಂಥ ಎಲೆ. ಹಣ್ಣು ಚಿಕ್ಕದು, ಆದರೆ ಮೊದಲು ಕೆಂಪಾಗುವುದೂ ಅದೇ, ಕೊನೆತನಕ ನಿಲ್ಲಿಸದೆ ಕೊಡುವುದೂ ಅದೇ. ನನ್ನ ಅರ್ಧ ಜಾಗ ಅದಕ್ಕೇ. ಕೆನಡಾದ ಸಬ್ ಆರ್ಕ್ಟಿಕ್ ಪ್ಲೆಂಟಿ ಕುಳ್ಳ ಗಿಡ, ಕೋಲಿನ ಖರ್ಚೇ ಇಲ್ಲ, ಹಣ್ಣೆಲ್ಲ ಒಟ್ಟಿಗೆ ಬರುತ್ತದೆ. ರುಚಿ ಸುಮಾರು, ಬೇಯಿಸಲು ಅಡ್ಡಿಯಿಲ್ಲ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದ ಆರೆಗಾನ್ ಸ್ಪ್ರಿಂಗ್ ಬೇರೆಯೇ ಥರದ್ದು. ಪರಾಗ ಕೈಕೊಟ್ಟರೂ ಬೀಜವಿಲ್ಲದೆ ಕಾಯಿ ಕಟ್ಟುತ್ತದೆ. ಮೊದಲ ಹಣ್ಣು ಕುಯ್ದು ನೋಡಿ, ಬೀಜವೇ ಇರುವುದಿಲ್ಲ, ಇದ್ದರೂ ಬೆರಳೆಣಿಕೆ. ಗಾತ್ರವೂ ಚೆನ್ನಾಗಿದೆ. ಮಾರಾಟಕ್ಕೆ ಹೈಬ್ರಿಡ್‌ನಲ್ಲಿ ಅರ್ಲಿ ಗರ್ಲ್ ಒಂದನ್ನೇ ಇಟ್ಟುಕೊಂಡಿದ್ದೇನೆ. ಸನ್‌ಗೋಲ್ಡ್ ಕೂಡ ಹೈಬ್ರಿಡ್, ತಿನ್ನಲು ಸಕ್ಕರೆ, ಆದರೆ ಒಂದು ಮಳೆ ಬಂದರೆ ಸೀಳುತ್ತದೆ. ಮನೆಗೆ ನಾಲ್ಕು ಗಿಡ ಸಾಕು.

"ಇಷ್ಟು ಚಿಕ್ಕ ಹಣ್ಣು ಯಾರು ಕೊಳ್ತಾರೆ?" ಅಂತ ಕೇಳಿದವರು ಜಾಸ್ತಿ. ಹೂವಿನಿಂದ ಹಣ್ಣಾಗಲು ಚೆರಿ ಗಾತ್ರದ್ದಕ್ಕೆ ಆರು ವಾರದೊಳಗೆ ಸಾಕು, ದೊಡ್ಡದಕ್ಕೆ ಏಳೆಂಟು ವಾರ ಬೇಕು. ಆ ಎರಡು ವಾರವೇ ನಮ್ಮ ಲಾಭ ನಷ್ಟ. ಬೇರೆಯವರ ಗಿಡದಲ್ಲಿ ಬಣ್ಣ ತಿರುಗುವ ಮೊದಲೇ ನನ್ನ ಹಣ್ಣು ಮಾರಾಟಕ್ಕೆ ಹೋಗುತ್ತದೆ, ಆಗ ಗಾತ್ರ ಯಾರೂ ಕೇಳುವುದಿಲ್ಲ. ಹಂಗಾಮಿನ ನಡುವೆ ಸಿಗುವ ಬೆಲೆಯ ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು ಸಿಕ್ಕಿದೆ. ಗಿಡಕ್ಕೆ ಸರಾಸರಿ ಮೂರು ಕೆಜಿ ಅಂದಾಜು. ತೂಕ ಕಡಿಮೆ ಅನ್ನಿಸಬಹುದು, ಆದರೆ ಅಷ್ಟೂ ಕೆಂಪು.

ನಡುವೆ ಕೆಲವು ಪ್ರಯೋಗ ಮಾಡಿದೆ. ಬೀಜದೆಲೆ ಬಿಚ್ಚಿಕೊಂಡ ಮೇಲೆ ಎರಡು ವಾರ ಸಸಿಯನ್ನು 11-12 ಡಿಗ್ರಿಯಲ್ಲಿ, ಒಳ್ಳೆ ಬೆಳಕಲ್ಲಿ ಇಟ್ಟೆ. ಬೆಳವಣಿಗೆ ನಿಧಾನವಾಯಿತು, ಆದರೆ ಗೊಂಚಲು ಒಂದೆರಡು ಎಲೆ ಕೆಳಗೇ ಬಂತು, ಹೂವೂ ಜಾಸ್ತಿ. ಈಗ ಇದು ಖಾಯಂ. ಪರಾಗ ಉದುರಲಿ ಎಂದು ಬ್ಯಾಟರಿ ಟೂತ್‌ಬ್ರಷ್ ಹಿಡಿದು ಗೊಂಚಲು ನಡುಗಿಸಿದ್ದು ಗಾಳಿಯಿಲ್ಲದ ದಿನಗಳಲ್ಲಿ ಕೆಲಸ ಮಾಡಿತು, ಬಯಲಲ್ಲಿ ಗಾಳಿಯೇ ಆ ಕೆಲಸ ಮಾಡುವುದರಿಂದ ಬಿಟ್ಟೆ. ಉದ್ದ ಬೆಳೆದ ಸಸಿಯನ್ನು ಆಳಕ್ಕೆ ನೆಡಬೇಡಿ, ಕೆಳಗಿನ ಮಣ್ಣು ಇನ್ನೂ ತಣ್ಣಗಿರುತ್ತದೆ. ಮೇಲ್ಮಣ್ಣಲ್ಲೇ ಕಾಂಡ ಅಡ್ಡ ಮಲಗಿಸಿ, ತುದಿ ಮಾತ್ರ ಮೇಲೆ ಬಿಡಿ. ಕಾಂಡದುದ್ದಕ್ಕೂ ಬೇರು ಬರುತ್ತದೆ. ಯೂರಿಯಾ ಕಡೆ ಕೈ ಹೋಗದಿರಲಿ, ಎಲೆ ಸೊಂಪಾಗಿ ಹಣ್ಣು ತಡವಾಗುತ್ತದೆ.

ಟ್ರೇಯ ಮಣ್ಣಿಗೆ ನಾನು ಏನು ಬೆರೆಸುತ್ತೇನೆ, ಎಷ್ಟು ಬೆರೆಸುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹಿಮಕ್ಕೆ ತಿಂಗಳು ಇರುವಾಗ ಸ್ಟೂಪಿಚೆಯಂಥ ಉದ್ದ ಬೆಳೆಯುವ ಗಿಡಗಳ ತುದಿ ಚಿವುಟಿ, ಹೊಸ ಹೂ ತೆಗೆಯುತ್ತೇನೆ. ಆಮೇಲೆ ಬಿಡುವ ಹೂವು ಹಣ್ಣಾಗುವುದಿಲ್ಲ, ಸುಮ್ನೆ ಗಿಡದ ಶಕ್ತಿ ತಿನ್ನುತ್ತದೆ. ಕೊನೆಯ ವಾರ ದೋರೆಗಾಯಿಗಳನ್ನೆಲ್ಲ ಕಿತ್ತು ಒಳಗೆ ಒಂದೇ ಪದರದಲ್ಲಿ ಹರಡುತ್ತೇನೆ. ತುದಿಯಲ್ಲಿ ಸ್ವಲ್ಪ ಬಣ್ಣ ತಿರುಗಿದ್ದರೆ ಸಾಕು, 20 ಡಿಗ್ರಿ ಆಸುಪಾಸಿನಲ್ಲಿ ಸುಮಾರು ಒಂದು ವಾರದಲ್ಲಿ ಕೆಂಪಾಗುತ್ತದೆ. ಅಪ್ಪಟ ಹಸಿರನ್ನು ಹಾಗೆ ಇಟ್ಟರೆ ಅರ್ಧ ಕೊಳೆಯುತ್ತದೆ. ಬೀಜಕ್ಕೆ ಮಾತ್ರ, ಹೈಬ್ರಿಡ್ ಮತ್ತು ಆರೆಗಾನ್ ಸ್ಪ್ರಿಂಗ್ ಬಿಟ್ಟು ಉಳಿದ ತಳಿಗಳ ಮೊದಲ ಗೊಂಚಲಿನ ಹಣ್ಣನ್ನು, ಅದೂ ಆರನೇ ಎಲೆಗೇ ಹೂ ಬಿಟ್ಟ ಗಿಡದ್ದನ್ನು, ಬಿಡುತ್ತೇನೆ. ಕೇಳಿದವರಿಗೆ ಕೊಡುವುದೂ ಅದನ್ನೇ.