ಮಗ್ಗದ ಮನೆಗೆ ಫೈಬರ್ ಎಳೆಸುವಾಗ

ನಮ್ಮದು ಗದಗ ಜಿಲ್ಲೆಯ ಗಜೇಂದ್ರಗಡ. ಮನೆಯಲ್ಲಿ ಒಂದು ಕುಣಿ ಮಗ್ಗ ಇದೆ. ಮಾವ ನೇಯುತ್ತಾರೆ, ಅತ್ತೆ ಕಂಡಿಕೆ ಸುತ್ತುತ್ತಾರೆ, ನಾನು ಮಾರುತ್ತೇನೆ. ಎಲ್ಲಾ ಪಟ್ಟೆದಂಚು ಸೀರೆ. ಮೊದಲು ನೂಲೂ ಸಾವಕಾರರದು, ಸೀರೆಯೂ ಅವರದು, ನಮಗೆ ಬರೀ ಮಜೂರಿ. ಈಗ ತಿಂಗಳಿಗೆ ಆರು ಸೀರೆಯ ನೂಲು ನಾವೇ ತರುತ್ತೇವೆ. ಆ ಆರನ್ನು ನಾನು ವಿಡಿಯೋ ಕಾಲ್‌ನಲ್ಲಿ ತೋರಿಸಿ ಮಾರುತ್ತೇನೆ. ಬೆಂಗಳೂರು, ಪುಣೆ, ಒಮ್ಮೆ ದೂರದ ದುಬೈ.

ಇದನ್ನು ನೋಡಿ ಓಣಿಯವರೆಲ್ಲ "ಯಾವ ನೆಟ್ ಹಾಕಿಸಬೇಕವಾ?" ಅಂತ ಕೇಳುತ್ತಾರೆ. ಹೇಳಿ ಹೇಳಿ ಸಾಕಾಯ್ತು, ಅದಕ್ಕೇ ಬರೆದಿಟ್ಟೆ.

ಮೊದಲು ನಿಮಗೆ ಫೈಬರ್, ಅಂದರೆ ಗಾಜಿನ ಎಳೆಯ ನೆಟ್ ಲೈನ್, ಬೇಕಾ ಅಂತ ನೋಡಿ. ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಹಾಕುವುದಕ್ಕೆ ಮೊಬೈಲ್ ಡೇಟಾ ಸಾಕು, ಸುಮ್ನೆ ದುಡ್ಡು ಕೆಡಿಸಬೇಡಿ. ಸೀರೆ ಬಿಚ್ಚಿ ಲೈವ್ ತೋರಿಸಬೇಕು, ದೊಡ್ಡ ವಿಡಿಯೋ ಹಾಕಬೇಕು ಅಂದರೆ ಮಾತು ಬೇರೆ. ಆಗ ಕೇಳಬೇಕಾದದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ನಾವು ಕಳಿಸುವವರು, ಅಲ್ವಾ? ನನ್ನ ಲೆಕ್ಕ ನೋಡಿ. ಒಂದು ಸೀರೆಯ ವಿಡಿಯೋ 200 ಎಂಬಿ. ಸ್ಪೀಡ್ ಹೇಳುವುದು ಬಿಟ್‌ನಲ್ಲಿ, ಫೈಲ್ ಅಳೆಯುವುದು ಬೈಟ್‌ನಲ್ಲಿ, 8 ಬಿಟ್‌ಗೆ ಒಂದು ಬೈಟ್. ಸಂಜೆ ಹೊತ್ತು ನನ್ನ ಮೊಬೈಲ್‌ನಲ್ಲಿ ಅಪ್‌ಲೋಡ್ 2 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 2 ಮೆಗಾಬಿಟ್, ಸಿಕ್ಕರೆ ಪುಣ್ಯ. ಆ ವಿಡಿಯೋ ಹೋಗಲು 13 ನಿಮಿಷ ಬೇಕು. ಫೈಬರ್‌ನಲ್ಲಿ 50 ಸಿಕ್ಕರೆ 32 ಸೆಕೆಂಡ್. ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರೂ ಅದು ಬ್ರಾಡ್‌ಬ್ಯಾಂಡೇ. ಹಾಗಾಗಿ ಬೋರ್ಡ್ ಮೇಲಿನ ಹೆಸರು ನಂಬಬೇಡಿ, ನಂಬರ್ ಕೇಳಿ. "ಮೇಲೂ 50, ಕೆಳಗೂ 50 ಕೊಡ್ತೀರಾ?" ಅಂತ ನೇರವಾಗಿ ಕೇಳಿ.

50 ಅಥವಾ 100 ಎಂಬಿಪಿಎಸ್ ಪ್ಲಾನ್ ಮಗ್ಗದ ಮನೆಗೆ ಧಾರಾಳ. 300 ಹಾಕಿಸಿ ಅಂತ ಹಚ್ಚುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಜಿಎಸ್‌ಟಿ 18 ಪರ್ಸೆಂಟ್ ಬೇರೆ. ಬೋರ್ಡ್‌ನಲ್ಲಿ 500 ರೂಪಾಯಿ ಇದ್ದರೆ ಬಿಲ್‌ನಲ್ಲಿ 590. ಪಟ್ಟಣ ಬಿಟ್ಟು ಹಳ್ಳಿಯಲ್ಲಿರುವವರು ಪಂಚಾಯ್ತಿಯಲ್ಲಿ ಭಾರತ್‌ನೆಟ್ ಲೈನ್ ಬಗ್ಗೆ ವಿಚಾರಿಸಿ. ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಈ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅಲ್ಲಿಂದ ಮನೆಗಳಿಗೆ ಕನೆಕ್ಷನ್ ಕೊಡುವವರು ಇದ್ದಾರೆ.

ಲೈನ್ ಹಾಕುವ ದಿನ ಮನೆಯಲ್ಲೇ ಇರಿ. ಇದನ್ನು ಮಾತ್ರ ತಪ್ಪಿಸಬೇಡಿ.

ನಮ್ಮ ಮನೆಗೆ ಬಂದ ಹುಡುಗ ಜಗಲಿ ಮೇಲೆ ಕುಳಿತು ಕರಿ ವೈರ್ ಸುಲಿದ. ಒಳಗೆ ಕೂದಲಿನಂಥ ಗಾಜಿನ ಎಳೆ, ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು ದಪ್ಪ. ಅದರೊಳಗೆ ಬೆಳಕು ಹರಿಯುವ ದಾರಿ ಇನ್ನೂ ಸಣ್ಣದು. ಸ್ಪಿರಿಟ್ ಹಚ್ಚಿ ಒರೆಸಿದ, ತುದಿ ನೀಟಾಗಿ ಕತ್ತರಿಸಿದ, ಎರಡು ತುದಿಗಳನ್ನು ಒಂದು ಮಷಿನ್‌ನಲ್ಲಿ ಎದುರುಬದುರು ಇಟ್ಟ. ಪರದೆಯಲ್ಲಿ ಎರಡೂ ಕಂಬದಷ್ಟು ದಪ್ಪ ಕಂಡವು. ಚಕ್ ಅಂತ ಒಂದು ಕಿಡಿ, ಎರಡೂ ಒಂದಾದವು. ಮಾವ ಮಗ್ಗ ನಿಲ್ಲಿಸಿ ಹೊರಗೆ ಬಂದು ಬಗ್ಗಿ ನೋಡುತ್ತಿದ್ದರು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದ ನೂಲಿನಲ್ಲಿ, ಎಳೆ ಹರಿದರೆ ಬೆರಳಿಗೆ ಎಂಜಲು ಹಚ್ಚಿ ತಿರುವಿ ಕೂಡಿಸುವವರು ಅವರು. "ನಂದೂ ಇದ ಕೆಲಸ ನೋಡಪಾ. ನಿಂದಕ್ಕ ಮಷಿನ್ ಐತಿ, ನಂದಕ್ಕ ಇಲ್ಲ" ಅಂದರು. ಹುಡುಗ ನಕ್ಕು, "ಯಜ್ಜಾ, ನಿಮ್ಮದು ಗಂಟು ಬಿದ್ರೂ ನಡೀತೈತಿ, ನಮ್ಮದು ನಡೆಂಗಿಲ್ಲ" ಅಂದ.

ನಿಜ, ನಡೆಯುವುದಿಲ್ಲ. ಎಳೆ ಜಾಸ್ತಿ ಬಾಗಿದರೆ ಬೆಳಕು ಹೊರಗೆ ಸೋರುತ್ತದೆ, ನೆಟ್ ಸೊರಗುತ್ತದೆ. ಉಳಿದ ವೈರನ್ನು ಬಳೆಗಿಂತ ಸಣ್ಣದಾಗಿ ಸುತ್ತಲು ಬಿಡಬೇಡಿ. ಬಾಗಿಲ ಸಂದಿಯಲ್ಲಿ ಮಡಚಿ ಮೊಳೆ ಹೊಡೆಯಲೂ ಬಿಡಬೇಡಿ. ಕತ್ತರಿಸಿದ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಅದರಲ್ಲಿ ಬರುವ ಬೆಳಕು ನಮಗೆ ಕಾಣುವುದಿಲ್ಲ, ಆದರೂ ಇರುತ್ತದೆ. ಮಕ್ಕಳಿಗೂ ಹೇಳಿ.

ವೈರ್ ಓಣಿ ದಾಟುವ ಕಡೆ ಎಷ್ಟು ಎತ್ತರ ಇದೆ ನೋಡಿ. ನಾನು ನೋಡಲಿಲ್ಲ. ಕಣಕಿ ಹೇರಿದ ಟ್ರ್ಯಾಕ್ಟರ್ ಬಂತು, ವೈರನ್ನೂ ಜೊತೆಗೆ ಎಳೆದುಕೊಂಡು ಹೋಯ್ತು. ಮನೆಯೊಳಗೆ ವೈರ್ ಬಂದು ಸೇರುವ ನೆಟ್ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ. ಬೆಳಕು ಬರುತ್ತಿಲ್ಲ ಅಂತ ಅದರ ಅರ್ಥ. ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗುವುದಿಲ್ಲ. ಕಂಪನಿಯವರು ಐದು ದಿನ "ನಾಳೆ ಬರ್ತಾರ ಮೇಡಂ" ಅಂದರು. ಪುಣೆಯ ಗಿರಾಕಿ ಒಬ್ಬರು ಬೇರೆ ಕಡೆ ಕೊಂಡರು. ನನ್ನ ತಪ್ಪೂ ಇತ್ತು. ಬರೀ ಫೋನ್ ಮಾಡಿದೆ, ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ತೆಗೆದುಕೊಳ್ಳಲಿಲ್ಲ. ಆ ನಂಬರ್ ಇದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಯ ತನಕ ಹೋಗಬಹುದು. ಈಗ ವೈರ್ ಎದುರು ಮನೆಯ ಮಾಳಿಗೆ ಮೇಲಿಂದ ಬಂದಿದೆ. ಮಂಗಗಳ ಕಾಟ ಮಾತ್ರ ತಪ್ಪಿಲ್ಲ, ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ರೂಟರ್ ಎಲ್ಲಿಡಬೇಕು? ನಮ್ಮಂಥ ಕಲ್ಲು ಮಣ್ಣಿನ ಮನೆಗಳ ಗೋಡೆ ಎರಡು ಅಡಿ ದಪ್ಪ. 5 ಗಿಗಾಹರ್ಟ್ಸ್ ವೈಫೈ ಜೋರು, ಆದರೆ ಆ ಗೋಡೆ ದಾಟುವಷ್ಟರಲ್ಲಿ ಸೋತು ಹೋಗುತ್ತದೆ. 2.4 ನಿಧಾನ, ಆದರೆ ಅಷ್ಟಿಷ್ಟು ದಾಟುತ್ತದೆ. ಹಾಗಾಗಿ ಸೀರೆ ತೋರಿಸುವ ಕೋಣೆಯಲ್ಲೇ ರೂಟರ್ ಇಡಿ, 5ರಲ್ಲಿ ಮಾತಾಡಿ. ಕಬ್ಬಿಣದ ಟ್ರಂಕ್ ಹಿಂದೆ ಬೇಡ. ಮಗ್ಗದ ಪಕ್ಕವೂ ಬೇಡ, ನೂಲಿನ ಧೂಳು ತೂತುಗಳಲ್ಲಿ ತುಂಬಿ ರೂಟರ್ ಬಿಸಿಯಾಗುತ್ತದೆ. ಕರೆಂಟ್ ಹೋಗುವ ಊರು ನಮ್ಮದು. ಅದಕ್ಕೇ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ತಗೊಳ್ಳಿ. ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಯೇ ಕೊಳ್ಳಿ.

ಇನ್ನು ಮಾರುವ ವಿಷಯ. ನೆಟ್ ನಮಗೆ ಹೇಗೆ ಗಿರಾಕಿ ತರುತ್ತದೋ ಹಾಗೇ ಕಳ್ಳರನ್ನೂ ತರುತ್ತದೆ. ಹೋದ ವರ್ಷ ಯಾವುದೋ ಪೇಜ್‌ನಲ್ಲಿ ಅರ್ಧ ರೇಟಿಗೆ "ಅಸಲಿ ಕೈಮಗ್ಗದ ಸೀರೆ" ನೋಡಿದೆ. ಸೆರಗು ಹಿಡಿದ ಕೈ ಗುರುತು ಸಿಕ್ಕಿತು. ಹಸಿರು ಬಳೆ, ಹೆಬ್ಬೆರಳಿಗೆ ಅರಿಶಿಣ. ನಮ್ಮ ಅತ್ತೆಯ ಕೈ! ಫೋಟೋ ನನ್ನದು, ಕಳಿಸುತ್ತಿದ್ದದ್ದು ಪವರ್‌ಲೂಮ್ ಮಾಲು. ಆವತ್ತಿನಿಂದ ಬರೀ ಫೋಟೋ ನಂಬಿ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಲೈವ್‌ನಲ್ಲಿ ಸೀರೆ ತಿರುವಿ ಹಾಕುತ್ತೇನೆ. ಪಟ್ಟೆದಂಚಿಗೆ ಒಳಗೆ ಹೊರಗೆ ಅಂತ ಇಲ್ಲ, ಎರಡೂ ಕಡೆ ಒಂದೇ. ಆಮೇಲೆ ಅಂಚಿನ ಹತ್ತಿರ ಕ್ಯಾಮೆರಾ ಹಿಡಿಯುತ್ತೇನೆ. ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಹಿಡಿದಿಡುವ ಕಡ್ಡಿಯ ಸೂಜಿ ತೂತು ಅಲ್ಲಿ ಸಾಲಾಗಿ ಕಾಣುತ್ತವೆ. ಇದಕ್ಕೇ ನೋಡಿ ಒಳ್ಳೆ ಅಪ್‌ಲೋಡ್ ಬೇಕು ಅಂದದ್ದು. ಮಸುಕಾದ ವಿಡಿಯೋದಲ್ಲಿ ತೂತೂ ಕಾಣುವುದಿಲ್ಲ, ಕೆಂಪು ಯಾವುದು ಕಂದು ಯಾವುದು ಗೊತ್ತಾಗುವುದಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಅಂತ ಸರ್ಕಾರದ ಲೇಬಲ್ 2006ರಿಂದ ಇದೆ. ಸಿಕ್ಕರೆ ಅದನ್ನೂ ಹೊಲಿಯಿರಿ.

ದುಡ್ಡು ಬರಬೇಕಾದರೆ ನೀವು ಪಿನ್ ಒತ್ತಬೇಕಾಗಿಲ್ಲ, ಯಾವ ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. "ಸ್ಕ್ಯಾನ್ ಮಾಡಿ ಅಕ್ಕಾ, ಅಡ್ವಾನ್ಸ್ ಬರುತ್ತೆ" ಅಂದರೆ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಂದು ಮಾತು, ನೆಟ್ ಬಂತು ಅಂತ ಮಗ್ಗ ಜೋರಾಗಿ ಓಡುವುದಿಲ್ಲ. ಸೀರೆಗೆ ಈಗಲೂ ಎರಡು ದಿನ ಬೇಕು. ಬಂದ ಆರ್ಡರ್‌ಗೆಲ್ಲ ಹೂಂ ಅನ್ನಬೇಡಿ, ಮಾವನ ಬೆನ್ನು ಒಂದೇ ಇರುವುದು.

ವಿಡಿಯೋ ಕಾಲ್‌ಗೆ ಬೆಳಿಗ್ಗೆ ಹನ್ನೊಂದರ ಹೊತ್ತು ಕೊಡಿ. ಬಿಸಿಲು ಒಳಗೆ ಬಂದಿರುತ್ತದೆ, ಬಣ್ಣ ಸರಿ ಕಾಣುತ್ತದೆ. ಒಂದೇ ಫೈಬರನ್ನು 32 ಮನೆಗೆ, ಕೆಲವು ಕಡೆ 64 ಮನೆಗೆ ಹಂಚಿರುತ್ತಾರೆ. ರಾತ್ರಿ ಎಲ್ಲರೂ ಒಮ್ಮೆಲೇ ಕೂತಾಗ ನಿಧಾನ ಆಗಬಹುದು. ನಮ್ಮ ಜಗಲಿ ಮೇಲಂತೂ ಸಂಜೆ ಓಣಿಯ ಹುಡುಗರು ಪುಸ್ತಕ ಹಿಡಿದು ಕೂರುತ್ತಾರೆ. ಅವರಿಗೆ ಗೆಸ್ಟ್ ವೈಫೈ ಬೇರೆ ಮಾಡಿ ಕೊಟ್ಟಿದ್ದೇನೆ, ಅಸಲಿ ಪಾಸ್‌ವರ್ಡ್ ಕೊಟ್ಟಿಲ್ಲ. ನೀವೂ ಹಾಗೇ ಮಾಡಿ. ಒಂಬತ್ತಕ್ಕೆ ಅತ್ತೆ ಮೊಬೈಲ್‌ನಲ್ಲಿ ಸೀರಿಯಲ್ ಹಚ್ಚುತ್ತಾರೆ. ಅಷ್ಟೊತ್ತಿಗೆ ಗೆಸ್ಟ್ ಲೈನ್ ಬಂದ್. ಹುಡುಗರಿಗೆ ಅದೇ ಗಂಟೆ, ಎದ್ದು ಮನೆಗೆ ಹೋಗುತ್ತಾರೆ.